ಶಾಲೆ ತುಂಬ ಲ್ಯಾಟಿನೊ ಮಕ್ಕಳು, ಆಫೀಸಿನಲ್ಲಿ ಮಾತ್ರ ಯಾಕೆ ಕಾಣಲ್ಲ?

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿ, ಆಸ್ಟಿನ್ ಪಕ್ಕದ ಊರಲ್ಲಿ ಇದ್ದೇವೆ. ಗಂಡ ಹೆಂಡತಿ ಇಬ್ಬರದ್ದೂ ಸಾಫ್ಟ್‌ವೇರ್ ಕೆಲಸ. ಮಗಳು ಹೋಗುವ ಸರ್ಕಾರಿ ಶಾಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಲ್ಯಾಟಿನೊ, ಅಂದರೆ ಮೆಕ್ಸಿಕೊ, ಕ್ಯೂಬಾದಂಥ ಲ್ಯಾಟಿನ್ ಅಮೆರಿಕದ ಮೂಲದವರು. ಆದರೆ ನನ್ನ ತಂಡದಲ್ಲಿ ಇರುವುದು ಒಬ್ಬರೇ. ಅದೇ ಕಟ್ಟಡದಲ್ಲಿ ಕ್ಲೀನಿಂಗ್, ಕ್ಯಾಂಟೀನ್, ತೋಟದ ಕೆಲಸದವರು ಹೆಚ್ಚುಕಡಿಮೆ ಎಲ್ಲರೂ ಲ್ಯಾಟಿನೊ. ನಮ್ಮವರ ನಡುವೆ ಈ ವಿಷಯ ಬಂದರೆ ‘ಅವರು ಓದಿಗೆ ಬೆಲೆ ಕೊಡಲ್ಲ ಬಿಡಿ’ ಅಂತಾರೆ. ಇದು ನಿಜವಾ? ಕಂಪನಿಯಲ್ಲಿ ಲ್ಯಾಟಿನೊಗಳ ಇತಿಹಾಸ, ಸಂಸ್ಕೃತಿಯನ್ನು ನೆನೆಯುವ ಹಿಸ್ಪಾನಿಕ್ ಪರಂಪರೆ ಮಾಸದ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ. ನಾನು ಅಲ್ಲಿ ಏನು ಮಾಡಬಹುದು? ಇನ್ನೊಂದು ಮನೆ ವಿಷಯ. ಮುಂದಿನ ವರ್ಷ ಶಾಲೆಗೆ ಸೇರುವ ಮಗನನ್ನು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಪಾಠ ಮಾಡುವ ತರಗತಿಗೆ ಹಾಕಬಹುದು ಅಂತ ಶಾಲೆಯಿಂದ ಪತ್ರ ಬಂದಿದೆ. ಮಗು ಕನ್ನಡ ಮರೆತುಬಿಡುತ್ತೆ ಅಂತ ಅತ್ತೆಯವರಿಗೆ ಚಿಂತೆ.

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ನಿಜವಲ್ಲ. ಈ ಮಾತನ್ನು ನಮ್ಮವರ ಎಷ್ಟೋ ಮನೆಗಳ ಊಟದ ಹೊತ್ತಿನಲ್ಲಿ ನಾನೂ ಕೇಳಿದ್ದೇನೆ. ಹೇಳುವವರು ಕೆಟ್ಟವರಲ್ಲ. ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ಅದು ಹಾಗೆ ಆಗಿದ್ದು ಹೇಗೆ ಅಂತ ಕೇಳಿರುವುದಿಲ್ಲ, ಅಷ್ಟೇ. ಅಮೆರಿಕದ ಶಾಲೆಗಳ ಇತಿಹಾಸ ಕಲಿಸುವುದೇ ನನ್ನ ಕೆಲಸವಾದ್ದರಿಂದ ಈ ‘ಹೇಗೆ’ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಮ್ಮ ಕಡೆಯೇ ನೋಡೋಣ. ನಾವು ಇಲ್ಲಿಗೆ ಜರಡಿ ಹಿಡಿದು ಬಂದ ಜನ. ಎಚ್-1ಬಿ ವೀಸಾ ಸಿಗಬೇಕಾದರೆ ಡಿಗ್ರಿ ಅಥವಾ ಅದಕ್ಕೆ ಸಮನಾದ ಅರ್ಹತೆ ಇರಲೇಬೇಕು. ಊರಲ್ಲಿ ನಮ್ಮ ಜೊತೆ ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಎಷ್ಟು ಜನ ಹತ್ತನೇ ತರಗತಿಗೇ ನಿಲ್ಲಿಸಿದರು, ಎಷ್ಟು ಜನ ಗದ್ದೆಗೆ, ಗ್ಯಾರೇಜಿಗೆ ಹೋದರು ಅಂತ ನಮಗೆ ಗೊತ್ತಿದೆ. ಅವರು ಯಾರೂ ಆಸ್ಟಿನ್‌ಗೆ ಬಂದಿಲ್ಲ. ಹಾಗಾಗಿ ಇಲ್ಲಿ ಕಾಣುವ ಕನ್ನಡಿಗರು ಬಹುಪಾಲು ಇಂಜಿನಿಯರುಗಳು. ಹೀಗೆ ಆಯ್ದು ಬಂದ ಗುಂಪನ್ನು ಒಂದು ಇಡೀ ಸಮುದಾಯದ ಪಕ್ಕ ನಿಲ್ಲಿಸಿ ಅಳೆಯುವುದು ನ್ಯಾಯವಲ್ಲ, ಅಲ್ವಾ?

ಲ್ಯಾಟಿನೊ ಅಂದರೆ ಸಣ್ಣ ಗುಂಪೂ ಅಲ್ಲ. 2020ರ ಜನಗಣತಿಯಲ್ಲಿ ಅವರ ಸಂಖ್ಯೆ 6.21 ಕೋಟಿ. ಅಂದರೆ ಅಮೆರಿಕದ ಜನಸಂಖ್ಯೆಯ ಶೇ. 18.7. ಇವರಲ್ಲಿ ಮೂವರಿಗೆ ಇಬ್ಬರು ಈ ದೇಶದಲ್ಲೇ ಹುಟ್ಟಿದವರು. ಟೆಕ್ಸಾಸ್‌ನಲ್ಲಂತೂ ಇವರನ್ನು ವಲಸಿಗರು ಅಂತ ಒಟ್ಟಾಗಿ ಕರೆಯುವುದೇ ತಪ್ಪು. 1836ರವರೆಗೆ ಈ ನೆಲ ಮೆಕ್ಸಿಕೊದ್ದಾಗಿತ್ತು. ‘ನಾವು ಗಡಿ ದಾಟಿಲ್ಲ, ಗಡಿಯೇ ನಮ್ಮನ್ನು ದಾಟಿತು’ ಅಂತ ಇಲ್ಲಿನ ಹಳೇ ಮೆಕ್ಸಿಕನ್ ಮನೆತನದವರು ಹೇಳುತ್ತಾರೆ. ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದವರು 1917ರಿಂದ ಅಮೆರಿಕದ ನಾಗರಿಕರು. ಕ್ಯೂಬಾದಿಂದ 1959ರ ಕ್ರಾಂತಿಯ ನಂತರ ಬಂದವರಲ್ಲಿ ಡಾಕ್ಟರುಗಳು, ವಕೀಲರು, ವ್ಯಾಪಾರಸ್ಥರು ತುಂಬ ಜನ ಇದ್ದರು. ಎಲ್ ಸಾಲ್ವಡಾರ್‌ನಿಂದ 1980ರ ದಶಕದಲ್ಲಿ ಜನ ಬಂದದ್ದು ಅಲ್ಲಿನ ಅಂತರ್ಯುದ್ಧದಿಂದ ಜೀವ ಉಳಿಸಿಕೊಳ್ಳಲು. ಹೀಗೆ ಒಬ್ಬೊಬ್ಬರದ್ದು ಒಂದೊಂದು ದಾರಿ.

ಇಲ್ಲಿ ನಮಗೆ ನೇರವಾಗಿ ಸಂಬಂಧಪಟ್ಟ ಒಂದು ಸಂಗತಿ ಇದೆ. ಭಾರತೀಯರಿಗೆ ಅಮೆರಿಕದ ಬಾಗಿಲು ದೊಡ್ಡದಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಅದಕ್ಕೆ ಮುಂಚೆ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ ಬರೀ ನೂರು ಜನ. ಇಷ್ಟು ನಮ್ಮಲ್ಲಿ ಕೆಲವರಿಗೆ ಗೊತ್ತು. ಅದೇ ಕಾಯ್ದೆ ಮೆಕ್ಸಿಕೊ ಮತ್ತು ಇಡೀ ಲ್ಯಾಟಿನ್ ಅಮೆರಿಕದಿಂದ ಬರುವವರಿಗೆ ಮೊದಲ ಸಲ ಸಂಖ್ಯೆಯ ಮಿತಿ ಹಾಕಿತು ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಅದರ ಹಿಂದಿನ ವರ್ಷವಷ್ಟೇ, 1964ರ ಕೊನೆಗೆ, ಮೆಕ್ಸಿಕೊದ ಕೂಲಿಗಳನ್ನು ಕರಾರಿನ ಮೇಲೆ ಕರೆತರುತ್ತಿದ್ದ ಬ್ರಸೇರೊ ಯೋಜನೆ ಮುಗಿದಿತ್ತು. ಹೊಲಗಳಲ್ಲಿ ಕೆಲಸ ಇತ್ತು, ಕೆಲಸ ಮಾಡುವವರೂ ಬರುತ್ತಿದ್ದರು. ಕಾಗದದ ದಾರಿ ಮಾತ್ರ ಕಿರಿದಾಯಿತು. ನಿನ್ನೆಯವರೆಗೆ ಕರಾರಿನ ಕೂಲಿಯಾಗಿದ್ದವನು ಅದೇ ಹೊಲದಲ್ಲಿ ‘ಅಕ್ರಮ’ ಆದ. ನಮ್ಮ ಹಿರಿಯರು ಇಲ್ಲಿಗೆ ಬರಲು ಕಾರಣವಾದ ಕಾನೂನೇ ಇದನ್ನೂ ಮಾಡಿತು. ಅದಕ್ಕೇ ‘ನಾವು ಕಾನೂನು ಪ್ರಕಾರ ಬಂದೆವು’ ಅನ್ನುವ ಮಾತನ್ನು ನಾವು ಸ್ವಲ್ಪ ಯೋಚಿಸಿ ಆಡಬೇಕು ಅಂತ ನನಗೆ ಅನ್ನಿಸುತ್ತದೆ.

ಇನ್ನು ಓದಿನ ಮಾತು. ಸ್ಯಾನ್ ಆಂಟೋನಿಯೊ ನಿಮ್ಮ ಊರಿಂದ ಕಾರಲ್ಲಿ ಎರಡು ತಾಸಿನೊಳಗಿನ ದಾರಿ. ಆ ಊರಿನ ಪಶ್ಚಿಮ ಭಾಗದಲ್ಲಿ ಎಡ್ಜ್‌ವುಡ್ ಅಂತ ಒಂದು ಶಾಲಾ ಜಿಲ್ಲೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಘಟಕ) ಇದೆ. ಉತ್ತರದಲ್ಲಿ ಆಲಮೊ ಹೈಟ್ಸ್ ಅಂತ ಇನ್ನೊಂದು. ಎಡ್ಜ್‌ವುಡ್‌ನಲ್ಲಿ ಬಹುತೇಕ ಮೆಕ್ಸಿಕನ್ ಅಮೆರಿಕನ್ ಕುಟುಂಬಗಳು, ಆಲಮೊ ಹೈಟ್ಸ್‌ನಲ್ಲಿ ಬಹುತೇಕ ಬಿಳಿಯರು. ಅಮೆರಿಕದಲ್ಲಿ ಸರ್ಕಾರಿ ಶಾಲೆಯ ಹಣದ ದೊಡ್ಡ ಪಾಲು ಬರುವುದು ಆ ಜಿಲ್ಲೆಯ ಮನೆ, ಜಾಗದ ಮೇಲಿನ ತೆರಿಗೆಯಿಂದ. ಮನೆಗೆ ಬೆಲೆ ಇದ್ದ ಕಡೆ ಶಾಲೆಗೆ ದುಡ್ಡು.

1967-68ರ ಲೆಕ್ಕ, ಮುಂದೆ ಹೇಳುವ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಲ್ಲೇ ದಾಖಲಾಗಿದೆ. ಎಡ್ಜ್‌ವುಡ್‌ನಲ್ಲಿ ಒಬ್ಬ ವಿದ್ಯಾರ್ಥಿಗೆ ಸ್ಥಳೀಯ ತೆರಿಗೆಯಿಂದ ಸಿಕ್ಕಿದ್ದು 26 ಡಾಲರ್. ರಾಜ್ಯ, ಕೇಂದ್ರ ಎಲ್ಲ ಸೇರಿಸಿದರೆ 356. ಆಲಮೊ ಹೈಟ್ಸ್‌ನಲ್ಲಿ ಸ್ಥಳೀಯ ತೆರಿಗೆಯಿಂದಲೇ 333, ಒಟ್ಟು 594. ಇಷ್ಟಕ್ಕೇ ನಿಲ್ಲಬೇಡಿ, ಮುಂದಿನ ಸಾಲು ಓದಿ. ತೆರಿಗೆಯ ದರ ಜಾಸ್ತಿ ಇದ್ದದ್ದು ಎಲ್ಲಿ ಗೊತ್ತಾ? ಎಡ್ಜ್‌ವುಡ್‌ನಲ್ಲಿ. ಅಲ್ಲಿನ ಬಡವರು ನೂರು ಡಾಲರ್ ಬೆಲೆಯ ಆಸ್ತಿಗೆ 1.05 ಡಾಲರ್ ಕಟ್ಟುತ್ತಿದ್ದರು. ಆಲಮೊ ಹೈಟ್ಸ್‌ನವರು ಕಟ್ಟುತ್ತಿದ್ದದ್ದು 85 ಸೆಂಟ್. ಅಂದರೆ ಎಡ್ಜ್‌ವುಡ್‌ನ ಅಪ್ಪ ಅಮ್ಮಂದಿರು ತಮ್ಮ ಮಕ್ಕಳ ಶಾಲೆಗಾಗಿ ಶ್ರೀಮಂತರಿಗಿಂತ ಜಾಸ್ತಿ ದರದಲ್ಲಿ ತೆರಿಗೆ ಕೊಟ್ಟರು. ಮನೆಗಳ ಬೆಲೆಯೇ ಕಡಿಮೆ ಇದ್ದದ್ದರಿಂದ ಎಷ್ಟು ಕೊಟ್ಟರೂ ತುಂಬಲಿಲ್ಲ. ಓದಿಗೆ ಬೆಲೆ ಕೊಡದ ಜನ ಹೀಗೆ ಮಾಡುತ್ತಾರಾ?

1968ರ ಮೇ ತಿಂಗಳಲ್ಲಿ ಎಡ್ಜ್‌ವುಡ್ ಹೈಸ್ಕೂಲಿನ ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಒಳ್ಳೇ ಕಟ್ಟಡ ಬೇಕು, ಅರ್ಹತೆ ಇರುವ ಶಿಕ್ಷಕರು ಬೇಕು ಅನ್ನುವುದು ಅವರ ಬೇಡಿಕೆ. ಆಮೇಲೆ ಡಿಮೆಟ್ರಿಯೊ ರೊಡ್ರಿಗೆಜ್ ಮತ್ತು ಇತರ ಪಾಲಕರು ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟು 5-4ರ ಅಂತರದಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಶಿಕ್ಷಣ ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಅಂದಿತು. ಆದರೂ ಅವರು ಬಿಡಲಿಲ್ಲ. ರಾಜ್ಯದ ಸಂವಿಧಾನ ಹಿಡಿದು ಮತ್ತೆ ಹೋರಾಡಿ, 1989ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಶ್ರೀಮಂತ ಜಿಲ್ಲೆಯ ತೆರಿಗೆಯಲ್ಲಿ ಒಂದು ಭಾಗ ಬಡ ಜಿಲ್ಲೆಗಳಿಗೆ ಹೋಗುವ ಪದ್ಧತಿ 1993ರಲ್ಲಿ ಶುರುವಾದದ್ದು ಇದರಿಂದಲೇ. ನೀವು ಕಟ್ಟುವ ಪ್ರಾಪರ್ಟಿ ಟ್ಯಾಕ್ಸ್ ಬಗ್ಗೆ ಆಸ್ಟಿನ್‌ನಲ್ಲಿ ‘ರಾಬಿನ್ ಹುಡ್’ ಅಂತ ಗೊಣಗುವುದನ್ನು ಕೇಳಿರುತ್ತೀರಿ. ಅದರ ಮೂಲ ಈ ಕೇಸು.

ಹಣದ ಜೊತೆ ಭಾಷೆಯ ಪೆಟ್ಟೂ ಬಿತ್ತು. 1918ರಲ್ಲಿ ಟೆಕ್ಸಾಸ್ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡುವುದನ್ನೇ ಅಪರಾಧ ಮಾಡಿತು. ಆಟದ ಬಯಲಲ್ಲಿ ಸ್ಪ್ಯಾನಿಷ್ ಮಾತಾಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. ರಾಜ್ಯದ ಪಶ್ಚಿಮದ ಮಾರ್ಫಾ ಊರಿನ ಬ್ಲ್ಯಾಕ್‌ವೆಲ್ ಶಾಲೆಯಲ್ಲಿ 1954ರಲ್ಲಿ ನಡೆದದ್ದನ್ನು ಓದಿದರೆ ಈಗಲೂ ಸಂಕಟವಾಗುತ್ತದೆ. ಮೆಕ್ಸಿಕನ್ ಅಮೆರಿಕನ್ ಮಕ್ಕಳಿಗೆಂದೇ ಬೇರೆ ಇಟ್ಟಿದ್ದ ಶಾಲೆ ಅದು. ಅಲ್ಲಿ ಮಕ್ಕಳ ಕೈಯಲ್ಲೇ ಕಾಗದದ ಚೂರುಗಳ ಮೇಲೆ ಬರೆಸಿ, ಆ ಚೂರುಗಳನ್ನು ಶಾಲೆಯ ಅಂಗಳದಲ್ಲಿ ಹೂಳಿಸಿದರು. ‘ಮಿಸ್ಟರ್ ಸ್ಪ್ಯಾನಿಷ್’ಗೆ ಅಣಕು ಶವಸಂಸ್ಕಾರ. ಇನ್ನು ಮೇಲೆ ಇಲ್ಲಿ ಸ್ಪ್ಯಾನಿಷ್ ಮಾತಾಡಬಾರದು ಅಂತ ಅರ್ಥ. ಅಲ್ಲಿ ಓದಿದವರೇ ಮುಂದೆ ಕಟ್ಟಡ ಉಳಿಸಲು ಓಡಾಡಿದರು. ಈಗ ಅದು ರಾಷ್ಟ್ರೀಯ ಐತಿಹಾಸಿಕ ತಾಣ. 2022ರಲ್ಲಿ ಅದಕ್ಕೆ ಕಾನೂನು ಬಂತು.

ಹೀಗೆ ಏಟು ತಿಂದವರು ತಮ್ಮ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಲಿಲ್ಲ. ನಿಮ್ಮ ತಂಡದ ಆ ಒಬ್ಬರಿಗೆ ಸ್ಪ್ಯಾನಿಷ್ ಬರದೇ ಇರಬಹುದು. ಲ್ಯಾಟಿನೊಗಳಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಅದರಲ್ಲಿ ಸರಾಗವಾಗಿ ಮಾತಾಡಲು ಬರುವುದಿಲ್ಲ. ದಯವಿಟ್ಟು ‘ಅಯ್ಯೋ, ಬರಲ್ವಾ?’ ಅಂತ ಕೇಳಬೇಡಿ. ಸ್ವಂತ ನೆಂಟರಿಂದಲೂ ಆ ಪ್ರಶ್ನೆ ಕೇಳಿ ಅವರಿಗೆ ಸಾಕಾಗಿರುತ್ತದೆ.

ಜನಾಂಗ ನೋಡಿ ಮಕ್ಕಳನ್ನು ಬೇರೆ ಶಾಲೆಗೆ ಹಾಕುವುದರ ವಿರುದ್ಧ ಮೊದಲ ದೊಡ್ಡ ಗೆಲುವು ಬಂದದ್ದೂ ಲ್ಯಾಟಿನೊ ಪಾಲಕರಿಂದಲೇ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಗೊಂಜಾಲೊ ಮತ್ತು ಫೆಲಿಸಿಟಾಸ್ ಮೆಂಡೆಜ್ ದಂಪತಿಯ ಮಕ್ಕಳನ್ನು ಹತ್ತಿರದ ಶಾಲೆ ಸೇರಿಸಿಕೊಳ್ಳಲಿಲ್ಲ. ಮೆಕ್ಸಿಕನ್ ಮಕ್ಕಳ ಶಾಲೆಗೆ ಹೋಗಿ ಅಂದರು. ಆ ದಂಪತಿ ಬೇಸಾಯ ಮಾಡುತ್ತಿದ್ದ ಜಮೀನು ಎರಡನೇ ಮಹಾಯುದ್ಧದ ಕಾಲದಲ್ಲಿ ಬಂಧನ ಶಿಬಿರಕ್ಕೆ ತಳ್ಳಲ್ಪಟ್ಟ ಜಪಾನಿ ಅಮೆರಿಕನ್ ಕುಟುಂಬವೊಂದರದ್ದು. ಗುತ್ತಿಗೆಗೆ ಹಿಡಿದಿದ್ದರು. ಕೇಸು ಹಾಕಿ 1946ರಲ್ಲಿ ಗೆದ್ದರು, 1947ರಲ್ಲಿ ಮೇಲಿನ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಕರಿಯರ ಮಕ್ಕಳ ಪರವಾಗಿ ಬಂದ, ಎಲ್ಲರಿಗೂ ಗೊತ್ತಿರುವ 1954ರ ಬ್ರೌನ್ ತೀರ್ಪಿಗಿಂತ ಏಳೆಂಟು ವರ್ಷ ಮುಂಚೆ.

ಇದೆಲ್ಲ ಹಳೇ ಕಥೆ, ಈಗೇನು ಅಂತ ಕೇಳಬಹುದು. ಈಗ ಬದಲಾಗಿದೆ, ಜೋರಾಗಿಯೇ ಬದಲಾಗಿದೆ. 2000ದಲ್ಲಿ 16ರಿಂದ 24 ವಯಸ್ಸಿನ ಲ್ಯಾಟಿನೊಗಳಲ್ಲಿ ಹೈಸ್ಕೂಲು ಮುಗಿಸದೆ ಶಾಲೆ ಬಿಟ್ಟವರು ನೂರಕ್ಕೆ ಸುಮಾರು 28. 2021ರ ಹೊತ್ತಿಗೆ ಅದು 8ರ ಆಸುಪಾಸಿಗೆ ಇಳಿದಿತ್ತು. ಒಂದು ತಲೆಮಾರಿನಲ್ಲಿ ಇಷ್ಟು ದೂರ ಬಂದ ಸಮುದಾಯದ ಬಗ್ಗೆ ‘ಬೆಲೆ ಕೊಡಲ್ಲ’ ಅಂತ ಹೇಳುವುದು ಹೇಗೆ?

ಹಾಗಾದರೆ ನಿಮ್ಮ ಆಫೀಸಿನಲ್ಲಿ ಯಾಕೆ ಕಾಣುತ್ತಿಲ್ಲ? ನನ್ನ ಪ್ರಕಾರ ಉತ್ತರ ಇರುವುದು ಸಣ್ಣ ಸಣ್ಣ ಬಾಗಿಲುಗಳಲ್ಲಿ. ಯಾವ ಮಗು ಯಾವ ತರಗತಿಗೆ, ಯಾವ ಅರ್ಜಿ ಯಾರ ಮೇಜಿಗೆ ಅಂತ ತೀರ್ಮಾನ ಮಾಡುವ ಜಾಗಗಳಲ್ಲಿ. ಪ್ರಾತಿನಿಧ್ಯ ಅಂದರೆ ಆ ಜಾಗಗಳಲ್ಲಿ ಯಾರು ಕೂತಿದ್ದಾರೆ, ಅಲ್ಲಿನ ನಿಯಮ ಯಾರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು ಅನ್ನುವ ಪ್ರಶ್ನೆ.

ಗಣಿತವನ್ನೇ ತೆಗೆದುಕೊಳ್ಳಿ. ಇಂಜಿನಿಯರಿಂಗ್ ಓದಬೇಕಾದರೆ ಹೈಸ್ಕೂಲಿನಲ್ಲಿ (ಇಲ್ಲಿ ಅದು 12ನೇ ತರಗತಿಯವರೆಗೆ) ಕ್ಯಾಲ್ಕುಲಸ್ ಆಗಿದ್ದರೆ ಒಳ್ಳೆಯದು. ಅದಕ್ಕೆ ಎಂಟನೇ ತರಗತಿಯಲ್ಲೇ ಆಲ್ಜೀಬ್ರಾ ಮುಗಿಯಬೇಕು. ಅದಕ್ಕೆ ಆರನೇ ತರಗತಿಯಲ್ಲಿ ಮುಂದುವರಿದ ಗಣಿತಕ್ಕೆ ಸೇರಿರಬೇಕು. ಅಂದರೆ ಹನ್ನೊಂದು ವರ್ಷದ ಮಗುವಿನ ವಿಷಯದಲ್ಲೇ ಅರ್ಧ ತೀರ್ಮಾನ ಆಗಿಹೋಗುತ್ತದೆ. ಆ ತರಗತಿಗೆ ಯಾರನ್ನು ಸೇರಿಸಬೇಕು ಅನ್ನುವುದು ಬಹಳ ಕಾಲ ಶಿಕ್ಷಕರ ಶಿಫಾರಸು ಅಥವಾ ಪಾಲಕರ ಒತ್ತಾಯದ ಮೇಲೆ ನಿಂತಿತ್ತು. ನಮ್ಮವರು ಕೇಳುತ್ತಾರೆ, ಈಮೇಲ್ ಮೇಲೆ ಈಮೇಲ್ ಹಾಕುತ್ತಾರೆ. ಎರಡು ಶಿಫ್ಟ್ ಮಾಡುವ ತಾಯಿಗೆ ಹೀಗೊಂದು ತರಗತಿ ಇದೆ ಅನ್ನುವುದೇ ತಿಳಿದಿರುವುದಿಲ್ಲ. ಚೆನ್ನಾಗಿ ಅಂಕ ತೆಗೆದ ಲ್ಯಾಟಿನೊ ಮಕ್ಕಳೂ ಹೀಗೆ ಹೊರಗೆ ಉಳಿದರು.

2023ರಲ್ಲಿ ಟೆಕ್ಸಾಸ್ ಇದಕ್ಕೊಂದು ಕಾನೂನು ಮಾಡಿತು. ಐದನೇ ತರಗತಿಯ ರಾಜ್ಯ ಪರೀಕ್ಷೆಯಲ್ಲಿ ಗಣಿತದಲ್ಲಿ ಮೇಲಿನ ಶೇ. 40ರೊಳಗೆ ಬಂದ ಮಗುವನ್ನು ಆರನೇ ತರಗತಿಯಲ್ಲಿ ತಾನಾಗಿಯೇ ಮುಂದುವರಿದ ಗಣಿತಕ್ಕೆ ಸೇರಿಸಬೇಕು. ಬೇಡ ಅಂದರೆ ಪಾಲಕರು ಬರೆದುಕೊಡಬಹುದು. ಡಲ್ಲಾಸ್ ಶಾಲಾ ಜಿಲ್ಲೆ ಇದನ್ನು ಮೊದಲೇ ಮಾಡಿ ನೋಡಿತ್ತು. ಅಲ್ಲಿ ಲ್ಯಾಟಿನೊ ಮತ್ತು ಕರಿಯ ಮಕ್ಕಳ ಸಂಖ್ಯೆ ಆ ತರಗತಿಗಳಲ್ಲಿ ಚೆನ್ನಾಗಿ ಏರಿತು. ಮಕ್ಕಳು ಅದೇ ಮಕ್ಕಳು, ಅಪ್ಪ ಅಮ್ಮ ಅದೇ ಅಪ್ಪ ಅಮ್ಮ. ಬದಲಾದದ್ದು ಒಂದು ನಿಯಮ. ಈ ಉದಾಹರಣೆಯನ್ನು ನಾನು ಎಲ್ಲ ಕಡೆ ಹೇಳುತ್ತೇನೆ. ಯಾಕೆಂದರೆ ‘ಅವರ ಸಂಸ್ಕೃತಿಯೇ ಹಾಗೆ’ ಅನ್ನುವ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಗೊತ್ತಿಲ್ಲ.

ಶಿಕ್ಷಕರ ಲೆಕ್ಕವೂ ಮುಖ್ಯ. ದೇಶದ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಲ್ಯಾಟಿನೊಗಳು ಶೇ. 28ರಷ್ಟು. ಶಿಕ್ಷಕರಲ್ಲಿ ಶೇ. 9 ಮಾತ್ರ. ಟೆಕ್ಸಾಸ್‌ನಲ್ಲಿ ಪರಿಸ್ಥಿತಿ ಸ್ವಲ್ಪ ವಾಸಿ. ಆದರೂ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಶಿಕ್ಷಕರಲ್ಲಿ ಮೂರನೇ ಒಂದು ಭಾಗವೂ ಇಲ್ಲ. ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲಿನಲ್ಲಿ ಬೊಲಿವಿಯಾ ಮೂಲದ ಹೈಮೆ ಎಸ್ಕಲಾಂಟೆ ಗಣಿತ ಕಲಿಸುತ್ತಿದ್ದರು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ಕಾಲೇಜು ಮಟ್ಟದ ಕ್ಯಾಲ್ಕುಲಸ್ ಪರೀಕ್ಷೆ ಪಾಸು ಮಾಡಿದರು. ಪರೀಕ್ಷೆ ನಡೆಸುವವರಿಗೆ ನಂಬಿಕೆ ಬರಲಿಲ್ಲ. 14 ಮಕ್ಕಳ ಮೇಲೆ ಅನುಮಾನ ಪಟ್ಟರು. 12 ಮಕ್ಕಳು ಮತ್ತೆ ಕೂತು ಬರೆದರು, ಹನ್ನೆರಡೂ ಜನ ಪಾಸಾದರು. ಆ ಮಕ್ಕಳಿಗೆ ‘ನಿನ್ನಿಂದ ಆಗುತ್ತೆ’ ಅಂತ ಹೇಳಲು ಅವರ ಭಾಷೆ ಗೊತ್ತಿದ್ದ ಒಬ್ಬ ಮೇಷ್ಟ್ರು ಇದ್ದರು. ಹಾಗಂತ ಲ್ಯಾಟಿನೊ ಮಕ್ಕಳಿಗೆ ಲ್ಯಾಟಿನೊಗಳೇ ಕಲಿಸಬೇಕು ಅಂತ ನಾನು ಹೇಳುತ್ತಿಲ್ಲ. ಶಿಕ್ಷಕರ ಕೊಠಡಿಯಲ್ಲಿ ಒಬ್ಬರಾದರೂ ಆ ಮನೆಗಳನ್ನು ಒಳಗಿನಿಂದ ಬಲ್ಲವರು ಇರಬೇಕು.

ಈಗ ಆಫೀಸಿಗೆ ಬರೋಣ. ಪ್ಯೂ ಸಂಶೋಧನಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರದಿ ಪ್ರಕಾರ ದೇಶದ ಒಟ್ಟು ಉದ್ಯೋಗಿಗಳಲ್ಲಿ ಲ್ಯಾಟಿನೊಗಳು ಶೇ. 17, ವಿಜ್ಞಾನ-ತಂತ್ರಜ್ಞಾನದ ಕೆಲಸಗಳಲ್ಲಿ ಶೇ. 8. ಕಟ್ಟಡ ಕೆಲಸದಲ್ಲಿ ಮಾತ್ರ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಗಣಿತದ ಬಾಗಿಲಿನ ಪರಿಣಾಮ ಇದರಲ್ಲಿ ಒಂದು ಭಾಗ. ಇನ್ನೊಂದು ಭಾಗ ನಾವು ನೇಮಕ ಮಾಡುವ ರೀತಿ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಎಷ್ಟೋ ಕೆಲಸ ರೆಫರಲ್ (ಒಳಗಿನ ನೌಕರರ ಶಿಫಾರಸು) ಮೇಲೆ ತುಂಬುತ್ತವೆ. ನಾವು ಯಾರನ್ನು ರೆಫರ್ ಮಾಡುತ್ತೇವೆ? ಕಾಲೇಜಿನ ವಾಟ್ಸಾಪ್ ಗುಂಪಿನವರನ್ನು, ಹಳೇ ಕಂಪನಿಯ ಗೆಳೆಯರನ್ನು. ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇಲ್ಲ. ಆದರೆ ಒಳಗೆ ಇದ್ದವರಂಥವರೇ ಒಳಗೆ ಬರುತ್ತಾರೆ. ಒಬ್ಬರೇ ಲ್ಯಾಟಿನೊ ಇರುವ ತಂಡಕ್ಕೆ ಈ ದಾರಿಯಲ್ಲಿ ಎರಡನೆಯವರು ಬರುವುದು ಕಷ್ಟ.

ನೀವು ಗಮನಿಸಿದ ಇನ್ನೊಂದು ಸಂಗತಿ ನನಗೆ ತುಂಬ ಮುಖ್ಯ ಅನ್ನಿಸಿತು. ಕ್ಲೀನಿಂಗ್, ಕ್ಯಾಂಟೀನ್‌ನವರು. ನೂರು ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಖಾಸಗಿ ಕಂಪನಿಗಳು ವರ್ಷ ವರ್ಷ ಯಾವ ಹುದ್ದೆಯಲ್ಲಿ ಯಾವ ಜನಾಂಗದವರು ಎಷ್ಟು ಅಂತ ಕೇಂದ್ರಕ್ಕೆ ಲೆಕ್ಕ ಕೊಡುವ ಪದ್ಧತಿ 1960ರ ದಶಕದಿಂದ ಇದೆ. ಆದರೆ ಕ್ಲೀನಿಂಗ್‌ನವರು ಸಾಮಾನ್ಯವಾಗಿ ಬೇರೆ ಗುತ್ತಿಗೆ ಕಂಪನಿಯ ನೌಕರರು. ಅವರು ನಿಮ್ಮ ಕಂಪನಿಯ ಲೆಕ್ಕದಲ್ಲಿ ಬರುವುದೇ ಇಲ್ಲ. ನಿಮ್ಮ ಆಫೀಸಿನ ವೈವಿಧ್ಯದ ವರದಿಯಲ್ಲಿ ಅವರಿಲ್ಲ, ವಾರ್ಷಿಕ ಊಟದಲ್ಲಿಲ್ಲ, ಒಳಗಿನ ಹುದ್ದೆಗೆ ಅರ್ಜಿ ಹಾಕುವ ಪೋರ್ಟಲ್‌ನಲ್ಲೂ ಇಲ್ಲ. ಮುಂಚೆ ಕಂಪನಿಯದೇ ನೌಕರನಾಗಿದ್ದ ಜಾಡಮಾಲಿಗೆ ರಾತ್ರಿ ಕಾಲೇಜು ಓದಿ ಅದೇ ಕಂಪನಿಯಲ್ಲಿ ಮೇಲಕ್ಕೆ ಹೋಗುವ ದಾರಿಯಾದರೂ ಇತ್ತು. ಗುತ್ತಿಗೆ ಆ ದಾರಿಯನ್ನು ಕತ್ತರಿಸಿತು. ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಹೌಸ್‌ಕೀಪಿಂಗ್ ಹೆಂಗಸರ ಪಾಡೂ ಇದೇ ಅಲ್ವಾ?

ಸಮಿತಿಯಲ್ಲಿ ಏನು ಮಾಡಬಹುದು ಅಂತ ಕೇಳಿದ್ದೀರಿ. ಮೊದಲು ಕಾನೂನಿನ ಗಡಿ ತಿಳಿದುಕೊಳ್ಳಿ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಇವತ್ತೂ ಇದೆ. ಜನಾಂಗ ಅಥವಾ ಮೂಲ ದೇಶ ನೋಡಿ ಕೆಲಸ ಕೊಡುವುದು, ನಿರಾಕರಿಸುವುದು ಎರಡೂ ಅದರ ಪ್ರಕಾರ ತಪ್ಪು. ಸರ್ಕಾರದ ಗುತ್ತಿಗೆ ಪಡೆಯುವ ಕಂಪನಿಗಳು ಹಿಂದುಳಿದವರನ್ನು ಸೇರಿಸಿಕೊಳ್ಳಲು ವಿಶೇಷ ಪ್ರಯತ್ನ ಮಾಡಬೇಕು ಅಂತ ಅಧ್ಯಕ್ಷ ಜಾನ್ಸನ್ 1965ರಲ್ಲಿ ಹೊರಡಿಸಿದ್ದ ಆದೇಶವನ್ನು ಅಧ್ಯಕ್ಷ ಟ್ರಂಪ್ 2025ರ ಜನವರಿಯಲ್ಲಿ ರದ್ದು ಮಾಡಿದರು. ಆಮೇಲೆ ಬಹಳ ಕಂಪನಿಗಳು ಹೆದರಿ ಇಂಥ ಸಮಿತಿಗಳನ್ನೇ ಮುಚ್ಚಿವೆ. ನಿಮ್ಮಲ್ಲಿ ಇನ್ನೂ ಇದೆ ಅಂದರೆ ಅದನ್ನು ಸುಮ್ನೆ ಅಲಂಕಾರಕ್ಕೆ ಕಳೆಯಬೇಡಿ. ಹುದ್ದೆಯ ಸುದ್ದಿ ಹೆಚ್ಚು ಜನರಿಗೆ ತಲುಪಿಸುವುದು, ಅರ್ಹತೆಯ ಪಟ್ಟಿಯಲ್ಲಿ ಬೇಡದ್ದನ್ನು ತೆಗೆಯುವುದು, ಎಲ್ಲ ಅರ್ಜಿಗಳಿಗೂ ಒಂದೇ ಪ್ರಶ್ನೆ ಕೇಳುವುದು, ಇವು ಯಾವ ಕಾಲದಲ್ಲೂ ಸರಿ.

ಹಿಸ್ಪಾನಿಕ್ ಪರಂಪರೆ ಮಾಸ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15. ತಿಂಗಳ ನಡುವೆ ಯಾಕೆ ಶುರು ಅಂದರೆ, 1821ರಲ್ಲಿ ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಸ್ವತಂತ್ರವಾದ ದಿನ ಅದು. ಮರುದಿನ ಮೆಕ್ಸಿಕೊದ್ದು, 18ಕ್ಕೆ ಚಿಲಿಯದ್ದು. ಮೆಕ್ಸಿಕೊದ ತಿಂಡಿ ಟ್ಯಾಕೊ ತರಿಸಿ, ಅಲ್ಲಿನದೇ ಮರಿಯಾಚಿ ಹಾಡು ಹಾಕಿ ಮುಗಿಸಿದರೆ ಪೋರ್ಟೊ ರಿಕೊದವರಿಗೂ ಕೊಲಂಬಿಯಾದವರಿಗೂ ಅದು ತಮ್ಮದಲ್ಲ. ಯಾರೋ ಆಫೀಸಿನಲ್ಲಿ ಕರ್ನಾಟಕದವರಿಗಾಗಿ ಭಾಂಗ್ರಾ ಹಾಕಿದಾಗ ನಮಗೆ ಏನನ್ನಿಸುತ್ತದೋ ಅದೇ ಅವರಿಗೂ. ಊಟ ಇರಲಿ, ಹಾಡೂ ಇರಲಿ. ಜೊತೆಗೆ ಮೂರು ಕೆಲಸ ಮಾಡಿಸಲು ಪ್ರಯತ್ನಿಸಿ.

ಆ ದಿನದ ಊಟಕ್ಕೆ ಕ್ಲೀನಿಂಗ್, ಕ್ಯಾಂಟೀನ್‌ನವರನ್ನೂ ಕರೆಯಿರಿ. ಕರೆದು ಅವರಿಂದಲೇ ಬಡಿಸಿಸಬೇಡಿ, ಕೂರಿಸಿ. ಅವರ ಗುತ್ತಿಗೆ ಕಂಪನಿಯ ಜೊತೆ ಮಾತಾಡಿ, ಆ ಹೊತ್ತಿನ ಸಂಬಳ ಕಟ್ ಆಗದಂತೆ ನೋಡಿಕೊಳ್ಳಿ. ಇದನ್ನು ಯಾರೂ ಯೋಚಿಸಿರುವುದಿಲ್ಲ.

ಎರಡನೆಯದು, ಕ್ಯಾಂಪಸ್ ನೇಮಕಾತಿಗೆ ಎಲ್ಲಿಗೆ ಹೋಗುತ್ತೀರಿ ಅಂತ ಎಚ್‌ಆರ್‌ನವರನ್ನು ಕೇಳಿ. ಪದವಿ ವಿದ್ಯಾರ್ಥಿಗಳಲ್ಲಿ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ ಲ್ಯಾಟಿನೊಗಳಿರುವ ಕಾಲೇಜುಗಳಿಗೆ ಕೇಂದ್ರದ ಕಾನೂನಿನಲ್ಲಿ ಪ್ರತ್ಯೇಕ ಗುರುತು ಇದೆ. ಸ್ಯಾನ್ ಮಾರ್ಕೊಸ್‌ನ ಟೆಕ್ಸಾಸ್ ಸ್ಟೇಟ್ ಯೂನಿವರ್ಸಿಟಿ ನಿಮ್ಮ ಪಕ್ಕದಲ್ಲೇ ಇದೆ. ಸ್ಯಾನ್ ಆಂಟೋನಿಯೊದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ, ಗಡಿಯ ಹತ್ತಿರ ರಿಯೊ ಗ್ರಾಂಡೆ ಕಣಿವೆಯಲ್ಲಿ ಇನ್ನೊಂದಿದೆ. ಅಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿದ್ದಾರೆ. ಎಷ್ಟೋ ಜನ ಹಗಲು ಕೆಲಸ ಮಾಡಿ ಓದುವವರು. ಅವರಿಗೆ ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡಲು ಆಗುವುದಿಲ್ಲ. ಸಂಬಳ ಕೊಡುವ ಇಂಟರ್ನ್‌ಶಿಪ್‌ಗೆ ಅಲ್ಲಿಂದಲೂ ಅರ್ಜಿ ಕರೆಯಿರಿ ಅಂತ ಒತ್ತಾಯಿಸಿ.

ಮೂರನೆಯದು ಹೆಸರು. ಸಣ್ಣದು ಅನ್ನಿಸಬಹುದು. ಸ್ಪ್ಯಾನಿಷ್ ಪದ್ಧತಿಯಲ್ಲಿ ಇಬ್ಬಿಬ್ಬರ ಮನೆತನದ ಹೆಸರು ಬರುತ್ತದೆ, ಮೊದಲು ಅಪ್ಪನದು, ಆಮೇಲೆ ಅಮ್ಮನದು. ಹೆರ್ನಾಂಡೆಜ್ ಲೋಪೆಜ್ ಅಂತ ಇದ್ದರೆ ಮುಖ್ಯ ಹೆಸರು ಹೆರ್ನಾಂಡೆಜ್. ಅಮೆರಿಕದ ಕಂಪ್ಯೂಟರಿಗೆ ಕೊನೆಯದ್ದೇ ಮುಖ್ಯ. ಒಂದು ಕಡೆ ಲೋಪೆಜ್, ಇನ್ನೊಂದು ಕಡೆ ಹೆರ್ನಾಂಡೆಜ್ ಅಂತ ಕೂತು, ಶಾಲೆಯ ದಾಖಲೆ, ಸಂಬಳದ ಚೀಟಿ, ವಿಮೆ ಯಾವುದೂ ಹೊಂದುವುದಿಲ್ಲ. ಅಪ್ಪನ ಹೆಸರು, ಊರಿನ ಹೆಸರು ಇನಿಶಿಯಲ್ ಆಗಿ ಬಂದು, ಇಲ್ಲಿ ಕೊನೇ ಹೆಸರಿನ ಕಾಲಂಗೆ ಏನು ತುಂಬುವುದು ಅಂತ ಒದ್ದಾಡಿದ ಕನ್ನಡಿಗರಿಗೆ ಈ ಪಾಡು ಚೆನ್ನಾಗಿ ಅರ್ಥವಾಗುತ್ತದೆ. ಎಚ್‌ಆರ್ ಫಾರ್ಮ್‌ನಲ್ಲಿ ಎರಡು ಮನೆತನದ ಹೆಸರಿಗೆ ಜಾಗ ಮಾಡಿಸಿದರೆ ನಿಮ್ಮವರಿಗೂ ಉಪಯೋಗ.

ಹಾಗೇ ಒಂದು ಎಚ್ಚರಿಕೆ. ಸಮಿತಿಯ ಎಲ್ಲ ಕೆಲಸವನ್ನೂ ಆ ಒಬ್ಬ ಲ್ಯಾಟಿನೊ ಸಹೋದ್ಯೋಗಿಯ ತಲೆಗೆ ಕಟ್ಟಬೇಡಿ. ಅವರು ಇಂಜಿನಿಯರ್ ಆಗಿ ಬಂದವರು. ಇಡೀ ಖಂಡದ ರಾಯಭಾರಿಯಾಗಿ ಬಂದವರಲ್ಲ. ಹಿಸ್ಪಾನಿಕ್ ಅನ್ನಬೇಕಾ, ಲ್ಯಾಟಿನೊ ಅನ್ನಬೇಕಾ, ಮೆಕ್ಸಿಕನ್ ಅನ್ನಬೇಕಾ ಅನ್ನುವುದನ್ನು ಅವರವರನ್ನೇ ಕೇಳಿ, ಅವರು ಹೇಳಿದ್ದನ್ನು ಬಳಸಿ.

ಮಗಳ ಶಾಲೆಯಲ್ಲೂ ನಿಮ್ಮಿಂದ ಆಗುವ ಕೆಲಸ ಇದೆ. ಪಿಟಿಎ (ಪಾಲಕರ ಮತ್ತು ಶಿಕ್ಷಕರ ಸಂಘ) ಸಭೆಗೆ ಹೋಗುತ್ತೀರಿ ಅಂದುಕೊಳ್ಳುತ್ತೇನೆ. ಅಲ್ಲಿ ಸ್ಪ್ಯಾನಿಷ್ ದುಭಾಷಿ ಇದ್ದಾರಾ ನೋಡಿ. ಇಲ್ಲದಿದ್ದರೆ ಏನಾಗುತ್ತೆ? ಒಂಬತ್ತು ವರ್ಷದ ಮಗು ಅಮ್ಮನ ಪಕ್ಕ ನಿಂತು ಟೀಚರ್ ಹೇಳಿದ್ದನ್ನು ಸ್ಪ್ಯಾನಿಷ್‌ಗೆ ತಿರುಗಿಸಿ ಹೇಳುತ್ತದೆ, ಅದೂ ತನ್ನದೇ ಅಂಕಗಳ ಬಗ್ಗೆ. ತಾಯಿ ತಲೆ ಆಡಿಸಿ ಹೊರಡುತ್ತಾಳೆ. ಟೀಚರ್‌ಗೆ ‘ಈ ತಾಯಿಗೆ ಆಸಕ್ತಿ ಇಲ್ಲ’ ಅನ್ನಿಸುತ್ತದೆ. ಸಭೆಯ ಸಮಯವೂ ಹಾಗೇ. ಮಧ್ಯಾಹ್ನ ಮೂರಕ್ಕೆ ಇಟ್ಟರೆ ಲ್ಯಾಪ್‌ಟಾಪ್ ಕೆಲಸದವರು ಬರಬಹುದು, ಗಂಟೆ ಲೆಕ್ಕದ ಕೂಲಿಯವರು ಬರಲಾರರು. ಇನ್ನು ಕೆಲವು ಮನೆಗಳಲ್ಲಿ ವಲಸೆಯ ಕಾಗದಪತ್ರ ಇಲ್ಲ ಅನ್ನುವ ಭಯ. ಪತ್ರ ಇಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ ಅಂತ 1982ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಕೇಸೂ ಟೆಕ್ಸಾಸ್‌ನ ಟೈಲರ್ ಊರಿನದ್ದು. ಕೇಸು ಹಾಕಿದ ಕುಟುಂಬಗಳು ಮೊದಲ ವಿಚಾರಣೆಗೆ ಬೆಳಗಿನ ಜಾವ ಕಾರಿನಲ್ಲಿ ಮನೆ ಸಾಮಾನು ತುಂಬಿಕೊಂಡೇ ಬಂದವು, ಅಲ್ಲಿಂದಲೇ ಗಡಿಪಾರು ಮಾಡಿದರೆ ಅಂತ. ಮಕ್ಕಳನ್ನು ಓದಿಸಲು ಆ ಅಪ್ಪ ಅಮ್ಮ ಒಡ್ಡಿಕೊಂಡ ಅಪಾಯ ಅಷ್ಟು ದೊಡ್ಡದು.

ಕೊನೆಗೆ ಮಗನ ವಿಷಯ. ನನ್ನ ಸಲಹೆ, ಸೇರಿಸಿ. ಈ ಎರಡು ಭಾಷೆಯ ತರಗತಿಗಳಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳು, ಬೇರೆ ಮಕ್ಕಳು ಒಟ್ಟಿಗೆ ಕೂತು ಎರಡರಲ್ಲೂ ಗಣಿತ, ವಿಜ್ಞಾನ ಕಲಿಯುತ್ತಾರೆ. 1963ರಲ್ಲಿ ಮಯಾಮಿಯ ಕೋರಲ್ ವೇ ಶಾಲೆಯಲ್ಲಿ ಕ್ಯೂಬಾದಿಂದ ಬಂದ ಮಕ್ಕಳು ಮತ್ತು ಸ್ಥಳೀಯ ಮಕ್ಕಳಿಗಾಗಿ ಶುರುವಾದ ಪದ್ಧತಿ ಇದು. ಇದರಲ್ಲಿ ನನಗೆ ಇಷ್ಟವಾಗುವುದು ಒಂದೇ ವಿಷಯ. ಉಳಿದ ಶಾಲೆಯಲ್ಲಿ ಇಂಗ್ಲಿಷ್ ತಡವರಿಸುವ ಮಗು ಇಲ್ಲಿ ಅರ್ಧ ದಿನ 'ನಾನು ಹೇಳಿಕೊಡ್ತೀನಿ ಬಾ' ಅನ್ನುವ ಜಾಗದಲ್ಲಿ ಇರುತ್ತದೆ. ನಿಮ್ಮ ಮಗ ಅದರ ಪಕ್ಕ ಕೂತು ಕಲಿಯುತ್ತಾನೆ. ಸೀಟು ಕಡಿಮೆ ಇದ್ದರೆ ಲಾಟರಿ ಎತ್ತುವುದೂ ಉಂಟು, ತಡಮಾಡಬೇಡಿ.

ಶಾಲೆಗೆ ಸೇರಿಸುವಾಗ ‘ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ’ ಅಂತ ಕೇಳುವ ಫಾರ್ಮ್ ಕೊಡುತ್ತಾರೆ. ಮಗುವಿಗೆ ಪರೀಕ್ಷೆ ಮಾಡುತ್ತಾರೆ ಅಂತ ಹೆದರಿ ನಮ್ಮವರು ಬಹಳ ಜನ ‘ಇಂಗ್ಲಿಷ್’ ಅಂತ ಬರೆಯುತ್ತಾರೆ. ಬೇಡ. ಕನ್ನಡ ಆಡುತ್ತಿದ್ದರೆ ಕನ್ನಡ ಅಂತಲೇ ಬರೆಯಿರಿ. ಇಂಗ್ಲಿಷ್ ಪರೀಕ್ಷೆ ಮಾಡಿದರೆ ಮಾಡಲಿ, ಅದರಿಂದ ನಷ್ಟವೇನಿಲ್ಲ. ವಿಶೇಷ ತರಗತಿ ಬೇಕೋ ಬೇಡವೋ ಅನ್ನುವುದಕ್ಕೆ ನಿಮ್ಮ ಒಪ್ಪಿಗೆ ಕೇಳಿಯೇ ಕೇಳುತ್ತಾರೆ. ಟೆಕ್ಸಾಸ್‌ನಲ್ಲಿ ಒಂದು ಜಿಲ್ಲೆಯ ಒಂದೇ ತರಗತಿಯಲ್ಲಿ ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಒಂದೇ ಮನೆಮಾತಿನ ಇಪ್ಪತ್ತು ಮಕ್ಕಳಿದ್ದರೆ ಜಿಲ್ಲೆ ದ್ವಿಭಾಷಾ ಶಿಕ್ಷಣದ ವ್ಯವಸ್ಥೆ ಮಾಡಬೇಕು ಅನ್ನುವ ಕಾನೂನಿದೆ. ನಮ್ಮವರೇ ಮನೆಮಾತನ್ನು ಮುಚ್ಚಿಟ್ಟರೆ ಕನ್ನಡ ಲೆಕ್ಕಕ್ಕೇ ಸಿಗುವುದಿಲ್ಲ.

ಅತ್ತೆಯವರಿಗೆ ಹೀಗೆ ಹೇಳಿ. ಬೆಳಗಾವಿಯಲ್ಲಿ, ಕಾಸರಗೋಡಿನಲ್ಲಿ, ಬಳ್ಳಾರಿಯಲ್ಲಿ ಮಕ್ಕಳು ಮೂರು ಭಾಷೆ ಆಡಿಕೊಂಡೇ ಬೆಳೆಯುತ್ತಾರೆ. ಇಲ್ಲಿ ಕನ್ನಡವನ್ನು ನುಂಗುವುದು ಸ್ಪ್ಯಾನಿಷ್ ಅಲ್ಲ, ಟಿವಿ ಮತ್ತು ಶಾಲೆಯ ಇಂಗ್ಲಿಷ್. ಅದಕ್ಕೆ ಮದ್ದು ಮನೆಯಲ್ಲೇ ಇದೆ. ಅಜ್ಜಿ ಮೊಮ್ಮಗನ ಜೊತೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡದೆ ಕನ್ನಡದಲ್ಲೇ ಮಾತಾಡಿದರೆ, ಕಥೆ ಹೇಳಿದರೆ ಸಾಕು. ಇಂಗ್ಲಿಷ್ ಜೊತೆ ಇನ್ನೊಂದು ಭಾಷೆ ಚೆನ್ನಾಗಿ ಬರುವ ಹೈಸ್ಕೂಲು ಮಕ್ಕಳಿಗೆ ಡಿಪ್ಲೊಮಾ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರದ ಮೇಲೆ ಮುದ್ರೆ ಹಾಕಿಕೊಡುವ ಪದ್ಧತಿ 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾನೂನಾಯಿತು. ಅದಕ್ಕಾಗಿ ಓಡಾಡಿದವರು ಇಂಗ್ಲಿಷ್ ಕಲಿಯುವ, ಬಹುತೇಕ ಲ್ಯಾಟಿನೊ ಮಕ್ಕಳ ಪರವಾಗಿ ದುಡಿಯುವ ಸಂಘಟನೆಗಳು. ಆ ಮುದ್ರೆ ಸ್ಪ್ಯಾನಿಷ್‌ಗೆ ಮಾತ್ರ ಮೀಸಲಲ್ಲ. ಟೆಕ್ಸಾಸ್‌ನಲ್ಲೂ ಇಂಥದ್ದೇ ಮನ್ನಣೆ ಇದೆ. ಮಗಳು ಕನ್ನಡ ಓದಲು, ಬರೆಯಲು ಕಲಿಯುತ್ತಿದ್ದರೆ ನಿಮ್ಮ ಜಿಲ್ಲೆಯಲ್ಲಿ ಕನ್ನಡಕ್ಕೆ ಅದನ್ನು ಹೇಗೆ ಕೊಡುತ್ತಾರೆ ಅಂತ ಹೈಸ್ಕೂಲಿನ ಕೌನ್ಸೆಲರ್‌ನ್ನು ಈಗಲೇ ಕೇಳಿಟ್ಟುಕೊಳ್ಳಿ. ಅವರಿಗೆ ಗೊತ್ತಿಲ್ಲದಿದ್ದರೆ ಜಿಲ್ಲೆಯ ಭಾಷಾ ವಿಭಾಗಕ್ಕೆ ಬರೆಯಿರಿ. ಬರೆಯುವಾಗ ಇನ್ನೂ ನಾಲ್ಕೈದು ಕನ್ನಡ ಮನೆಗಳ ಸಹಿ ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆ.